ಎರಡನೇ ಕಂಟ್ರೋಲರಿನ ಅನಾರೋಗ್ಯ

ಯಂತ್ರಗಳ ವಿಷಯದಲ್ಲಿ ನನ್ನ ನಡತೆ ಎಂದೂ ಕೆಟ್ಟದಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ಮಿಕ್ಸಿ ಬಂದರೆ ಊದುಬತ್ತಿ ಬೆಳಗದೆ ಚಟ್ನಿ ಅರೆದ ಮನೆತನವಲ್ಲ ನಮ್ಮದು. ಟಿ.ವಿ.ಯ ರಿಮೋಟು ಕೊಂಡ ದಿನದ ಪ್ಲಾಸ್ಟಿಕ್ ಚೀಲದೊಳಗೆ ಇಂದಿಗೂ ಬ್ರಹ್ಮಚರ್ಯ ಪಾಲಿಸುತ್ತಿದೆ. ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ, ಮನೆಯಿಂದ ಎಂದೋ ನಿರ್ಗಮಿಸಿದ ಗ್ರೈಂಡರು, ಇಸ್ತ್ರಿಪೆಟ್ಟಿಗೆ, ಕೂಲರುಗಳ ವಾರಂಟಿ ಕಾರ್ಡುಗಳು ದಿವಂಗತರ ಫೋಟೋಗಳ ಹಾಗೆ ಭದ್ರವಾಗಿವೆ. ಇಷ್ಟು ಮರ್ಯಾದೆ ಕೊಟ್ಟರೂ ಯಂತ್ರಗಳು ನನಗೆ ತಿರುಗಿ ಮರ್ಯಾದೆ ಕೊಟ್ಟದ್ದು ಕಡಿಮೆ. ತಂತಿ ಇದ್ದ ಕಾಲದಲ್ಲಿ ಜಗಳಕ್ಕೊಂದು ನ್ಯಾಯವಾದರೂ ಇತ್ತು. ರೇಡಿಯೋ ನಿಂತರೆ ಅದರ ತಂತಿ ಹಿಡಿದುಕೊಂಡು ಹೊರಟರಾಯಿತು. ಸಡಿಲ ಪ್ಲಗ್ಗೋ, ಇಲಿಯ ಹಲ್ಲಿನ ಗುರುತೋ, ಯಾರೋ ಒಬ್ಬ ಅಪರಾಧಿ ದಾರಿಯಲ್ಲಿ ಸಿಕ್ಕೇ ಸಿಗುತ್ತಿದ್ದ. ಈಗ ತಂತಿಯೇ ಇಲ್ಲ. ಗಾಳಿಯನ್ನು ಹಿಡಿದುಕೊಂಡು ಎಲ್ಲಿಗೆ ಹೋಗಲಿ?

ರಾಜಧಾನಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾವು ಮೂವರು: ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್ ಆಗಿರುವ ನಾನು, ನನ್ನ ಹೆಂಡತಿ ಲಲಿತಾ, ಒಂಬತ್ತನೇ ಕ್ಲಾಸಿನ ಮಗಳು ಮೇಧಾ. ಹದಿನಾಲ್ಕು ತುಂಬಿದಂದಿನಿಂದ ಮೇಧಾ ನನಗೆ ಮಾತನ್ನು ರೇಷನ್ನಿನಲ್ಲಿ ಕೊಡುತ್ತಿದ್ದಾಳೆ. "ಸ್ಕೂಲು ಹೇಗಿತ್ತು ಪುಟ್ಟಿ?" ಅಂದರೆ "ಠೀಕ್." "ಏನಾದರೂ ಬೇಕಾ?" ಅಂದರೆ "ನಹೀಂ." ಆಮೇಲೆ ಬಾಗಿಲು. ಆ ಬಾಗಿಲನ್ನು ಅವಳು ಧಡಾರನೆ ಹಾಕಿದ್ದರೆ ನಾನೂ ಒಬ್ಬ ತಂದೆಯಾಗಿ ಗುಡುಗಬಹುದಿತ್ತು. ಮೆಲ್ಲಗೆ, ಸಭ್ಯವಾಗಿ ಹಾಕುತ್ತಾಳೆ. ಅದಕ್ಕೆ ಯಾವ ಕಲಮಿನ ಕೆಳಗೆ ಗುಡುಗುವುದು?

ಹೀಗಿರುವಾಗ ಲಲಿತಾಳ ತಮ್ಮ ತನ್ನ ಮನೆಯ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯನ್ನು ನಮಗೆ ದಾಟಿಸಿದ. ಅದರ ಜೊತೆಗಿದ್ದ, ಹಿಡಿದು ಗುಂಡಿ ಒತ್ತಿ ಆಡುವ ಕಂಟ್ರೋಲರುಗಳು ಅವನ ಮಕ್ಕಳ ಕೈಯಲ್ಲಿ ಆಗಲೇ ವೀರಸ್ವರ್ಗ ಸೇರಿದ್ದವು. ನಾನು ಅಂಗಡಿಗೆ ಹೋಗಿ ವೈರ್ ಇರುವುದನ್ನೇ ಕೇಳಿದೆ. ಅಂಗಡಿಯವನು ನನ್ನನ್ನು ವಸ್ತುಸಂಗ್ರಹಾಲಯದಿಂದ ತಪ್ಪಿಸಿಕೊಂಡು ಬಂದವನಂತೆ ನೋಡಿ, "ಅಂಕಲ್‌ಜೀ, ವೈರ್‌ವಾಲಾ ಅಬ್ ಕೌನ್ ಲೇತಾ ಹೈ?" ಎಂದು ವೈರ್‌ಲೆಸ್ ಜೋಡಿಯೊಂದನ್ನು ಕಟ್ಟಿಕೊಟ್ಟ. ಬಿಳಿಯದು ಮಗಳಿಗೆ, ಕರಿಯದು ನನಗೆ. ವಾರಂಟಿ ಒಂದು ವರ್ಷ. ಕಾರ್ಡು ಅಂದೇ ಡಬ್ಬಿ ಸೇರಿತು.

ನನಗೆ ಫುಟ್‌ಬಾಲಿನಲ್ಲಿ ಆಸಕ್ತಿ ಇದೆ ಎಂದು ನಾನು ಮಗಳಿಗೆ ಹೇಳಿದ್ದು ಶುದ್ಧ ಸುಳ್ಳು. ಆದರೆ ಭಾನುವಾರ ಬೆಳಿಗ್ಗೆ ಸೋಫಾದ ಮೇಲೆ ಪಕ್ಕದಲ್ಲಿ ಕೂತು ಆಡತೊಡಗಿದರೆ ಆ ಹುಡುಗಿಯ ಬಾಯಿಗೆ ಹಾಕಿದ್ದ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. "ಅಪ್ಪಾ, ಪಾಸ್ ಮಾಡಿ ನಾ! ಅರೇ ಯಾರ್, ಅದು ನಿಮ್ಮದೇ ಗೋಲು, ಉಲ್ಟಾ ಓಡ್ತಿದೀರ!" ಗಣಿತದ ಮೇಡಂ ಜೊತೆ ಅವಳಿಗೆ ಆಗಿಬರುತ್ತಿಲ್ಲ ಎಂಬುದು ನನಗೆ ಗೊತ್ತಾದದ್ದು ಒಂದು ಹಾಫ್ ಟೈಮಿನಲ್ಲಿ. ಚಿತ್ರಕಲೆ ತೆಗೆದುಕೊಳ್ಳಬೇಕೆಂದಿದ್ದಾಳೆ, ಅಮ್ಮನಿಗೆ ಇನ್ನೂ ಹೇಳಿಲ್ಲ ಎಂಬುದು ಒಂದು ಪೆನಾಲ್ಟಿ ಕಿಕ್ಕಿನ ಮುಂಚೆ. ಸೋಫಾದ ಎಡತುದಿಯ ಆ ಜಾಗ ನನ್ನ ಪಾಲಿಗೆ ಯಾವ ಸೆಕ್ರೆಟರಿಯ ಕುರ್ಚಿಗಿಂತಲೂ ದೊಡ್ಡದಾಗಿತ್ತು.

ಮೂರು ಭಾನುವಾರ ಹೀಗೆ ನಡೆಯಿತು. ನಡುವೆ ದಸರಾ ಬಂತು, ಆಯುಧಪೂಜೆ ಮಾಡಿದೆವು, ಹೋಳಿಗೆ ತಿಂದೆವು. ನಾಲ್ಕನೇ ಭಾನುವಾರ, ಆಟ ಶುರುವಾಗಿ ಐದು ನಿಮಿಷಕ್ಕೆ, ನನ್ನ ಆಟಗಾರ ಮೈದಾನದ ನಡುವೆ ಲಂಚ್ ಅವರ್‌ನ ಗುಮಾಸ್ತನಂತೆ ನಿಶ್ಚಲನಾದ. ಸಂಪರ್ಕ ಕಡಿದಿದೆ ಎಂದು ಟಿ.ವಿ. ಬರೆದು ತೋರಿಸಿತು. ಮತ್ತೆ ಜೋಡಿಸಿದೆವು, ಮತ್ತೆ ಕಡಿಯಿತು. ಒಪ್ಪಿಕೊಳ್ಳುತ್ತೇನೆ, ಮೊದಮೊದಲು ಇದು ನನಗೆ ಒಳಗೊಳಗೇ ಹಿತವಾಗಿತ್ತು. ಸೋಲು ಹತ್ತಿರ ಬಂದಾಗಲೆಲ್ಲ ಸಂಪರ್ಕ ಕಡಿದು ನನ್ನ ಮಾನ ಉಳಿಸುತ್ತಿತ್ತು. ಆದರೆ ಮೇಧಾಳ ತಾಳ್ಮೆ ಕಡಿಯಿತು. ಆಗ ನಾನೊಂದು ಘನಘೋರ ತಪ್ಪು ಮಾಡಿದೆ. "ಚಿಪ್ಸ್ ತಿಂದ ಎಣ್ಣೆಗೈಯಲ್ಲಿ ನನ್ನ ಕಂಟ್ರೋಲರ್ ಮುಟ್ಟಿರುತ್ತೀಯ, ಅದಕ್ಕೇ ಹೀಗೆ" ಎಂದುಬಿಟ್ಟೆ. ಅವಳು ಕಂಟ್ರೋಲರ್ ಕೆಳಗಿಟ್ಟು ಎದ್ದು ಹೋದಳು. ಮರುವಾರ ನಾನು ಕರಿಯ ಕಂಟ್ರೋಲರ್ ಹಿಡಿದು ಬಂದರೆ, ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೋಯ್ಡಾದಲ್ಲಿರುವ ಗೆಳತಿ ಸಿಮ್ರನ್ ಜೊತೆ ಇಂಟರ್ನೆಟ್ಟಿನಲ್ಲಿ ಆಡುತ್ತಿದ್ದಳು. ಯಮುನೆಯ ಆಚೆ ದಡದಲ್ಲಿರುವ ಸಿಮ್ರನ್‌ಗೆ ಸಂಪರ್ಕ ಸರಿಯಾಗಿತ್ತು. ಎರಡು ಅಡಿ ದೂರದಲ್ಲಿ ಕೂತ ನನಗೆ ಇರಲಿಲ್ಲ.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಸಂಗೀತ ಕೇಳಿಸಿದರು. ಆಮೇಲೆ ಮಾತಾಡಿದವರು ಕಂಟ್ರೋಲರಿನ ಬೆನ್ನಿನ ಸಣ್ಣ ತೂತಿಗೆ ಸೂಜಿ ಚುಚ್ಚಿ ಹತ್ತು ಎಣಿಸಲು ಹೇಳಿದರು. ಚುಚ್ಚಿ, ನಂಬಿಕೆ ಸಾಲದೆ ಇಪ್ಪತ್ತು ಎಣಿಸಿದೆ. ನಡುವೆ ಲೋಹ, ನೀರು, ಮೈಕ್ರೋವೇವ್ ಏನಾದರೂ ಇದೆಯೇ ಎಂದರು. ಮೈಕ್ರೋವೇವ್ ಬಾಲ್ಕನಿಗೆ ಹೋಯಿತು. ನೀರಿನ ಫಿಲ್ಟರು ಗೋಡೆಯಿಂದ ಇಳಿಯಿತು. ಲಲಿತಾ ಹಿತ್ತಾಳೆಯ ಉರುಳಿ ಪಾತ್ರೆ ಹುಡುಕಿದಾಗ ಅದು ಮಂಚದ ಕೆಳಗಿತ್ತು. ನಾನು ಕಂಟ್ರೋಲರನ್ನು ಮಂಗಳಾರತಿ ತಟ್ಟೆಯಂತೆ ಎತ್ತಿ ಹಿಡಿದು ಕೋಣೆಯಿಂದ ಕೋಣೆಗೆ ಅಲೆಯುವುದನ್ನು ನೋಡಿ, "ರೀ, ಮಗಳ ಹತ್ರ ಮಾತಾಡಬೇಕು ಅಂದ್ರೆ ಹೋಗಿ ಮಾತಾಡಿ. ನನ್ನ ಅಡುಗೆಮನೆ ಯಾಕೆ ಎತ್ತಂಗಡಿ ಮಾಡ್ತೀರಿ?" ಎಂದಳು. ಹೆಂಗಸರಿಗೆ ತಂತ್ರಜ್ಞಾನ ಅರ್ಥವಾಗುವುದಿಲ್ಲ ಎಂದುಕೊಂಡು ಮುಂದಿನ ಕೋಣೆಗೆ ನಡೆದೆ.

ಕೊನೆಗೆ ಲಿಖಿತ ದೂರು ಸಲ್ಲಿಸಿದೆ. ಹದಿನಾಲ್ಕು ಪ್ಯಾರಾ, ಮೂರು ಅನುಬಂಧ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ನಿಮ್ಮ ಮನವಿ ಪರಿಶೀಲನೆಯಲ್ಲಿದೆ. ಆಫೀಸಿನ ಮೇಜಿನ ಮೇಲೆ ಗಂಟೆಗೊಮ್ಮೆ ಮೊಬೈಲು ತೆರೆದು ನೋಡಿದೆ, ಪರಿಶೀಲನೆಯಲ್ಲಿದೆ. ಮೂರನೇ ದಿನ ಮಧ್ಯಾಹ್ನ, ಯಾರದೋ ಪಿಂಚಣಿ ಅರ್ಜಿಗೆ ಅದೇ ವಾಕ್ಯವನ್ನು ಬರೆಯುತ್ತಿದ್ದ ನನ್ನ ಪೆನ್ನು ತಾನಾಗಿ ನಿಂತಿತು. ಇಷ್ಟು ವರ್ಷ ಈ ವಾಕ್ಯವನ್ನು ನಾನು ಒಂದು ಬಗೆಯ ಸಾಂತ್ವನ ಎಂದೇ ತಿಳಿದಿದ್ದೆ. ಆ ಅರ್ಜಿಯನ್ನು ಅಂದೇ ವಿಲೇವಾರಿ ಮಾಡಿದೆ. ಇದರಿಂದ ಪುಣ್ಯ ಬಂದು ನನ್ನ ಕೆಲಸವೂ ಆದೀತೆಂದು ಕಾದೆ. ಆಗಲಿಲ್ಲ. ನೀವೇ ಸರ್ವಿಸ್ ಸೆಂಟರಿಗೆ ತನ್ನಿ ಎಂದು ಸಂದೇಶ ಬಂತು.

ಶನಿವಾರ ನೆಹರೂ ಪ್ಲೇಸಿಗೆ ಹೊರಟಾಗ ಮೇಧಾಳನ್ನೂ ಒತ್ತಾಯಿಸಿ ಕರೆದುಕೊಂಡು ಹೋದೆ. ಅಪ್ಪ ಸುಮ್ಮನೆ ಬಿಡುವವನಲ್ಲ, ಕಂಪನಿಯ ಬಾಯಿ ಮುಚ್ಚಿಸಿ ಹೊಸದನ್ನೇ ಕಿತ್ತುಕೊಂಡು ಬರುವವನು ಎಂಬುದನ್ನು ಅವಳು ಕಣ್ಣಾರೆ ನೋಡಲಿ ಎಂದು. ಕೌಂಟರಿನಲ್ಲಿ ನನ್ನ ವಯಸ್ಸಿನ, ಕನ್ನಡಕವನ್ನು ಸರಪಳಿಯಲ್ಲಿ ತೂಗುಬಿಟ್ಟುಕೊಂಡ ಮೇಡಂ ಒಬ್ಬರಿದ್ದರು. ನಾನು ವಾರಂಟಿ ಕಾರ್ಡನ್ನು ಅವರ ಮುಂದಿಟ್ಟು, ಗ್ರಾಹಕನ ಹಕ್ಕುಗಳ ಬಗ್ಗೆ ನನ್ನ ಅತ್ಯುತ್ತಮ ಹಿಂದಿಯಲ್ಲಿ ಎರಡು ಮಾತು ಆಡಿದೆ. ಅವರು ಅದಕ್ಕೆಲ್ಲ "ಅಚ್ಛಾ, ಅಚ್ಛಾ" ಎನ್ನುತ್ತ ಕಂಟ್ರೋಲರನ್ನು ಪುಟ್ಟ ಕ್ಯಾಮೆರಾದ ಕೆಳಗೆ ಹಿಡಿದರು. ಚಾರ್ಜರ್ ಚುಚ್ಚುವ ತೂತು ಎದುರಿನ ಪರದೆಯ ಮೇಲೆ ಗುಹೆಯಷ್ಟು ದೊಡ್ಡದಾಗಿ ಮೂಡಿತು. ಗುಹೆಯ ತುಂಬ ಹಳದಿ ಮಣ್ಣಿನಂಥದ್ದು ಒಣಗಿ ಮೆತ್ತಿಕೊಂಡಿತ್ತು. ನಡುವೆ ಕೆಂಪು.

"ಸರ್," ಅವರು ಕನ್ನಡಕದ ಮೇಲಿಂದ ನೋಡಿದರು, "ಯೇ ಟೀಕಾ ಕಿಸ್ನೇ ಲಗಾಯಾ?" ಈ ತಿಲಕ ಇಟ್ಟವರು ಯಾರು ಎಂಬುದು ಪ್ರಶ್ನೆ.

ಆಯುಧಪೂಜೆಯ ಬೆಳಿಗ್ಗೆ ನನ್ನ ಕಣ್ಣ ಮುಂದೆ ಬಂತು. ಕಾರು, ಹೊಲಿಗೆ ಯಂತ್ರ, ಈಳಿಗೆಮಣೆ, ನನ್ನ ಪೆನ್ನು. ಪಕ್ಕದಲ್ಲಿ, ಇವೂ ಆಯುಧಗಳೇ ಎಂದು ಉತ್ಸಾಹದಿಂದ ನಾನೇ ತಂದಿಟ್ಟ ಎರಡು ಕಂಟ್ರೋಲರು. ಮೇಧಾ ತನ್ನದಕ್ಕೆ ಸಾಸಿವೆ ಕಾಳಿನಷ್ಟು ಕುಂಕುಮ ಸೋಕಿಸಿ ಎದ್ದಳು. ನಾನು ನನ್ನದರ ಹಣೆ ಎಲ್ಲಿದೆ ಎಂದು ತಿರುಗಿಸಿ ತಿರುಗಿಸಿ ಹುಡುಕಿ, ಮುಂಭಾಗದ ಮಧ್ಯದಲ್ಲಿ ಹಣೆಯಂತೆಯೇ ಕಂಡ ಜಾಗಕ್ಕೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಗಂಧ ಹಚ್ಚಿ, ಮೇಲೆ ಕುಂಕುಮ ಇಟ್ಟಿದ್ದೆ. ಹಣೆಯಲ್ಲೊಂದು ತೂತಿದ್ದುದು ನನ್ನ ಭಕ್ತಿಗೆ ಅಡ್ಡಿಯಾಗಿರಲಿಲ್ಲ. ಚಾರ್ಜರಿನ ಪಿನ್ನು ಅರ್ಧಕ್ಕೇ ನಿಂತು, ಚಾರ್ಜು ಹನಿಹನಿಯಾಗಿ ಮಾತ್ರ ಒಳಗೆ ಹೋಗುತ್ತಿತ್ತು. ಐದು ನಿಮಿಷ ಜೀವ ಹಿಡಿದುಕೊಂಡದ್ದೇ ದೊಡ್ಡದು.

ಇಪ್ಪತ್ತೇಳು ವರ್ಷದ ಸೇವೆಯಲ್ಲಿ ಹೊಣೆಗಾರಿಕೆ ನಿಗದಿಪಡಿಸುವ ಎಷ್ಟೋ ಕಡತಗಳನ್ನು ನೋಡಿದ್ದೇನೆ. ಅವುಗಳಿಂದ ಕಲಿತದ್ದೆಲ್ಲ ಆ ಗಳಿಗೆಯಲ್ಲಿ ನೆರವಿಗೆ ಬಂತು. "ಕಾರ್ಖಾನೆಯಿಂದಲೇ ಹೀಗೆ ಬಂದಿರಬಹುದು" ಎಂದೆ.

"ಫ್ಯಾಕ್ಟರಿ ಮೇ ಚಂದನ್?" ಎಂದರು ಮೇಡಂ.

ಮೇಧಾ ಪರದೆಯನ್ನು ನೋಡಿದಳು. ನನ್ನನ್ನು ನೋಡಿದಳು. ಚಿಪ್ಸಿನ ಮಾತು ನಮ್ಮಿಬ್ಬರ ನಡುವೆ ನಿಂತಿತ್ತು. ಅವಳು ಈಗ ಏನು ಹೇಳಿದರೂ ನಾನು ಅದಕ್ಕೆ ಅರ್ಹನಾಗಿದ್ದೆ.

"ಆಂಟಿ, ಪೂಜಾ ಕಾ ಹೈ," ಎಂದಳು. "ಹಮ್ ಲೋಗ್ ದಶಹರೇ ಪೇ ಕರ್ತೇ ಹೈಂ."

ನಾವು ಮಾಡ್ತೀವಿ, ಅಂದಳು. ಅಪ್ಪ ಮಾಡಿದ್ದು ಅನ್ನಲಿಲ್ಲ. ನಾನು ಜೇಬಿನಿಂದ ಕರವಸ್ತ್ರ ತೆಗೆದು ಒರೆಸಬೇಕಿಲ್ಲದ ನನ್ನ ಕನ್ನಡಕವನ್ನು ಒರೆಸಿದೆ.

ಮೇಡಂ ಫಾರಮ್ಮಿನ ಮೇಲೆ ವಾರಂಟಿ ಅನ್ವಯಿಸುವುದಿಲ್ಲ ಎಂದು ಸೀಲು ಹೊಡೆದರು; ಅದು ನಿಯಮ. ಆಮೇಲೆ ತಾವೇ ಒಂದು ಕುಂಚ ತೆಗೆದುಕೊಂಡು ಸ್ಪಿರಿಟ್ಟಿನಲ್ಲಿ ಅದ್ದಿ ಗಂಧವನ್ನು ಪುಡಿಪುಡಿಯಾಗಿ ಕೆರೆದು ತೆಗೆದರು, ಅದು ಮನುಷ್ಯತ್ವ. ಉದುರಿದ ಪುಡಿಯನ್ನು ಕಸದ ಬುಟ್ಟಿಗೆ ಹಾಕಲು ಮಾತ್ರ ಅವರಿಗೆ ಕೈ ಬರಲಿಲ್ಲ. ಟಿಶ್ಯೂ ಕಾಗದದಲ್ಲಿ ಮಡಿಸಿ, ಎರಡೂ ಕೈಯಲ್ಲಿ ನನಗೆ ಕೊಟ್ಟರು. ನಾನೂ ಎರಡೂ ಕೈಯಲ್ಲಿ ತೆಗೆದುಕೊಂಡೆ. ಕಂಪನಿಯ ಬಾಯಿ ಮುಚ್ಚಿಸಲು ಹೋದವನು ಪ್ರಸಾದ ತೆಗೆದುಕೊಂಡು ಹೊರಬಂದೆ.

ವಾಪಸು ಬರುವ ಆಟೋದಲ್ಲಿ, "ಚಿಪ್ಸಿನ ವಿಷಯದಲ್ಲಿ ನಾನು ಆಡಿದ ಮಾತನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ" ಎಂದೆ.

"ಇನ್ ರೈಟಿಂಗ್ ಕೊಡಿ," ಎಂದಳು ಮೇಧಾ, ಹೊರಗೆ ನೋಡುತ್ತ. ಆದರೆ ಅವಳ ಕೆನ್ನೆ ಒಂದಿಷ್ಟು ಉಬ್ಬಿದ್ದು ಆಟೋದ ಕನ್ನಡಿಯಲ್ಲಿ ಕಂಡಿತು.

ಭಾನುವಾರ ಬೆಳಿಗ್ಗೆ ಸೋಫಾದ ಎಡತುದಿ ಖಾಲಿ ಇತ್ತು. ಹೆಡ್‌ಫೋನ್ ಅವಳ ಕೊರಳಲ್ಲೇ ಇತ್ತು. "ಹನ್ನೊಂದಕ್ಕೆ ಸಿಮ್ರನ್ ಬರ್ತಾಳೆ ಆನ್‌ಲೈನು. ಅಲ್ಲೀತನಕ ನೀವು," ಎಂದಳು. ಕರಿಯ ಕಂಟ್ರೋಲರ್ ಒಂದೇ ಸಲಕ್ಕೆ ಜೋಡಿಕೊಂಡಿತು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ನನ್ನ ಆಟಗಾರ ನಾನು ಹೇಳಿದ ಕಡೆಗೇ ಓಡಿದ. ನಾನು ಹೇಳಿದ ಕಡೆ ತಪ್ಪಾಗಿತ್ತು, ಅಷ್ಟೇ. ನನ್ನ ಮೇಲೆ ಒಂದು ಗೋಲು, ಎರಡು, ನಾಲ್ಕು. ಆರನೆಯದನ್ನು ನನ್ನವನೇ ನನ್ನ ಗೋಲಿಗೆ ಹೊಡೆದಾಗ ಹನ್ನೊಂದಕ್ಕೆ ಎರಡು ನಿಮಿಷವಿತ್ತು. ಇಂಥ ಆಟಗಾರನ ಜೊತೆ ಮತ್ತೊಮ್ಮೆ ಆಡಲು ಯಾವ ಹುಡುಗಿಗೆ ಬೇಸರವಾಗದು? ನಾನು ಏಳಲು ಮೊಣಕಾಲಿನ ಮೇಲೆ ಕೈ ಊರಿದೆ.

"ಅಪ್ಪಾ, ಕನೆಕ್ಷನ್ ಹೋಯ್ತಾ?"

"ಇಲ್ಲವಲ್ಲ."

"ಹೋಯ್ತು ಅನ್ನಿ. ಆಗ ಈ ಮ್ಯಾಚ್ ಲೆಕ್ಕಕ್ಕಿಲ್ಲ, ಫಿರ್ ಸೇ ಶುರು ಮಾಡೋಣ. ಸಿಮ್ರನ್ ಕಾಯ್ತಾಳೆ ಬಿಡಿ."

ನನ್ನ ಕೈಯಲ್ಲಿದ್ದ ಕಂಟ್ರೋಲರಿನ ನೀಲಿ ದೀಪ ಒಂಚೂರೂ ಮಿಣುಕದೆ ಉರಿಯುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು, ಸರ್ಕಾರಿ ನೌಕರನೊಬ್ಬನಿಗೆ ಎಷ್ಟು ಗಾಂಭೀರ್ಯ ಸಾಧ್ಯವೋ ಅಷ್ಟು ಗಾಂಭೀರ್ಯದಿಂದ, "ಹೋಯ್ತು" ಎಂದು ಪ್ರಮಾಣೀಕರಿಸಿದೆ.