ಮಾಸ್ತರರ ಕಿರುನಾಲಿಗೆ

ಈ ಸಲ ಹೆಣ್ಣು ನೋಡಲು ಹೋದರೆ ಒಪ್ಪಿಸಿಕೊಂಡೇ ಏಳುವುದೆಂದು ನವಲಗುಂದದ ಸಿದ್ಧಾರೂಢ ಮಾಸ್ತರರು ಪಣ ತೊಟ್ಟಿದ್ದರು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವರಿಗೆ ಜ್ಞಾನಕ್ಕೇನು ಬರ! ಬರವಿದ್ದದ್ದು ನೆತ್ತಿಯ ಮೇಲೆ ಮಾತ್ರ. ಬೋಳುತಲೆ ಕಂಡೇ ಹಿಂದಿನ ಸಂಬಂಧಗಳೆಲ್ಲ ಮುರಿದಿದ್ದವು. ಅದಕ್ಕೇ ಹುಬ್ಬಳ್ಳಿಯಿಂದ ಒಂದು ವಿಗ್ ತಂದು ಹಾಕಿಕೊಂಡಿದ್ದರು. ಮೊದಲೇ ನಿಜ ಹೇಳಿಬಿಡು ಎಂದು ತಾಯಿ ಹುಡುಗಿಯ ಊರಾದ ಸಂಶಿ ಬರುವವರೆಗೂ ಬಸ್ಸಿನಲ್ಲಿ ಗೋಗರೆದರು.

"ಮದಿವಿ ಆದಮ್ಯಾಲ ಹೇಳೂಣು ತಗೋ ಯವ್ವಾ," ಎಂದು ಮಾಸ್ತರರು ಕ್ರಾಪು ನೀವಿಕೊಂಡರು.

ಸಂಶಿಯಲ್ಲಿ ಎಲ್ಲವೂ ಸುಸೂತ್ರ. ಹುಡುಗಿ ಶೈಲಶ್ರೀ ಚಹಾ ಕೊಟ್ಟಳು, ಕೊಡುವಾಗ ಸಣ್ಣಗೆ ನಕ್ಕಳು ಕೂಡ. ಆ ನಗುವಿನ ಅಮಲಿನಲ್ಲಿ ಮಾಸ್ತರರು ಮಿರ್ಚಿಭಜಿಯನ್ನು ಇಡಿಯಾಗಿ ಬಾಯಿಗಿಟ್ಟರು. ಶುರುವಾಯಿತು ಕೆಮ್ಮು! ನೀರು ಕುಡಿದರು, ಬೆಲ್ಲ ತಿಂದರು; ಜಪ್ಪಯ್ಯ ಅಂದರೂ ನಿಲ್ಲಲಿಲ್ಲ.

"ಕಿರುನಾಲಿಗಿ ಬಿದ್ದದ ತಗೋರಿ," ಎಂದಳು ಮೂಲೆಯಲ್ಲಿ ಕೂತಿದ್ದ ಹುಡುಗಿಯ ಅಜ್ಜಿ ಮಲ್ಲಕ್ಕ.

ಮಾಸ್ತರರ ಜ್ಞಾನ ಕೆರಳಿತು. ಕೆಮ್ಮುತ್ತಲೇ ಪಾಠ ಆರಂಭ. ಗಂಟಲ ಬಾಗಿಲಲ್ಲಿ ತೂಗುವ ಆ ತುಣುಕಿಗೆ ವೈದ್ಯರು ಯುವುಲಾ ಎನ್ನುತ್ತಾರೆ, ಲ್ಯಾಟಿನ್ನಿನಲ್ಲಿ ಹಾಗೆಂದರೆ ಪುಟ್ಟ ದ್ರಾಕ್ಷಿ, 'ಆ' ಅನ್ನಿಸಿ ಅದು ನೆಟ್ಟಗೆ ಏಳುತ್ತದೋ ಒಂದು ಬದಿಗೆ ವಾಲುತ್ತದೋ ನೋಡಿ ನರದ ದೋಷ ಹಿಡಿಯುತ್ತಾರೆ ಎಂದೆಲ್ಲ ವಿವರಿಸಿದರು.

"ಅದು ಬೀಳೂದೂ ಇಲ್ಲ, ಅದನ್ನ ಯಾರೂ ಎತ್ತೂದೂ ಇಲ್ರೀ ಅಜ್ಜಿ," ಎಂದು ಬಾಯಿ ಅಗಲಿಸಿ ಕೂತರು.

ಮನೆಮಂದಿಯೆಲ್ಲ ಬಗ್ಗಿ ದ್ರಾಕ್ಷಿ ನೋಡುತ್ತಿದ್ದಾಗ ಮಲ್ಲಕ್ಕ ಮಾತ್ರ ಮೆಲ್ಲಗೆ ಅವರ ಬೆನ್ನ ಹಿಂದೆ ಬಂದು ನಿಂತಳು. ಕಿರುನಾಲಿಗೆ ಬಿದ್ದರೆ ನೆತ್ತಿಯ ಕೂದಲು ಹಿಡಿದು ಮೇಲಕ್ಕೆ ಜಗ್ಗಬೇಕು, ಅದು ತಾನಾಗಿ ಏರುತ್ತದೆ. ಓಣಿಯ ಕೂಸುಗಳಿಗೆಲ್ಲ ಆಕೆ ಮಾಡುತ್ತ ಬಂದ ಮದ್ದು ಅದೇ. ಮಾಸ್ತರರ ತಾಯಿ "ಬ್ಯಾಡ್ರೀ" ಎನ್ನುವಷ್ಟರಲ್ಲಿ ಅಜ್ಜಿ ಜಗ್ಗಿಯೇಬಿಟ್ಟಳು.

ಕ್ರಾಪು ಬೇರುಸಹಿತ ಕೈಗೆ ಬಂತು! ಶಿವಶಿವಾ ಎಂದು ಆಕೆ ಅದನ್ನು ಬಿಸಾಕಿದರೆ, ಅದು ಹೋಗಿ ಭಜಿಯ ತಾಟಿನಲ್ಲಿ ಕೂತಿತು. ಗಾಬರಿಗೆ ಕೆಮ್ಮೂ ನಿಂತುಹೋಯಿತು. ಮಾಸ್ತರರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿದರು, ತಗ್ಗಿಸಿದಷ್ಟೂ ಬೋಳು ಎದ್ದು ಕಂಡಿತು.

"ನಂದ ತಪ್ಪರಿ. ಮೊದಲ ಹೇಳಬೇಕಿತ್ತು," ಎಂದರು.

ಶೈಲಶ್ರೀ ಎರಡು ಬೆರಳಲ್ಲಿ ವಿಗ್ ಎತ್ತಿ, ಅಂಟಿದ ಭಜಿಯ ಚೂರು ಕೊಡವಿ ಅವರ ಮುಂದೆ ಹಿಡಿದಳು. ಮುಖ ಗಂಭೀರವಾಗಿತ್ತು, ತುಟಿ ಮಾತ್ರ ಅದುರುತ್ತಿತ್ತು.

"ಸರ್, ಇದಕ್ಕ ಲ್ಯಾಟಿನ್ನ್ಯಾಗ ಏನಂತಾರ್ರಿ?"

ಈಗ ಅವರಿಬ್ಬರೂ ಗಂಡಹೆಂಡತಿ. ಮನೆಯಲ್ಲಿ ಮಾಸ್ತರರು ಪಾಂಡಿತ್ಯದ ಮಾತು ಶುರುಮಾಡಿದಾಗಲೆಲ್ಲ ಶೈಲಶ್ರೀ ಅದೇ ಪ್ರಶ್ನೆ ಕೇಳುತ್ತಾಳೆ. ಮಾಸ್ತರರು ಇಂದಿಗೂ ಉತ್ತರ ಹುಡುಕುತ್ತಿದ್ದಾರೆ.