ಇಬ್ಬರು ಅಬು ಲೈಥರು

ಕಂಪ್ಯೂಟರ್ ನೋಡಿಕೊಳ್ಳುವ ನಜ್ಮಿ ಸುಮ್ಮನಿರಲಾರದೆ ಸರ್ವರ್‌ಗೆ ಕೈ ಹಚ್ಚಿದ. ಅಮ್ಮಾನಿನ ಆ ಸಾಬೂನು ಕಂಪನಿಯಲ್ಲಿ ಪ್ರತಿ ಕಂಪ್ಯೂಟರೂ ತನ್ನ ಹೆಸರು, ವಿಳಾಸಗಳನ್ನು ತಾನೇ ಡಿಎನ್‌ಎಸ್ ಎಂಬ ಪಟ್ಟಿಯಲ್ಲಿ ಬರೆದುಕೊಳ್ಳುತ್ತಿತ್ತು. ಕೋಣೆ ಬದಲಾಗಿ ವಿಳಾಸ ಬದಲಾದರೆ ಹಳೆಯದನ್ನು ಅಳಿಸುತ್ತಿರಲಿಲ್ಲ. ಹೀಗಾಗಿ ಹೆಸರು ಹಿಡಿದು ಹುಡುಕಿದರೆ ಸಾಹೇಬರ ಲ್ಯಾಪ್‌ಟಾಪ್ ಆಗಾಗ ಸಿಗುತ್ತಲೇ ಇರಲಿಲ್ಲ. ನಿನ್ನೆ ಸಂಜೆ ನಜ್ಮಿ ಆ ಕೆಲಸವನ್ನು ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ಗೇ ವಹಿಸಿದ: ಯಾರು ವಿಳಾಸ ಕೇಳಿದರೂ ಕೊಡು, ಅವರ ಹೆಸರನ್ನು ನೀನೇ ಬರೆ, ಅದೇ ಹೆಸರು ಮೊದಲೇ ಇದ್ದರೆ ಅಳಿಸಿ ಬರೆ. ಸರ್ವರ್ ಹೊಸ ಗುಮಾಸ್ತನ ಹಾಗೆ ಎರಡು ಮಾತಾಡದೆ ಒಪ್ಪಿಕೊಂಡಿತು.

ಅಲ್ಲಿ ಗಂಡಸರನ್ನು ಕರೆಯುವುದೇ ಹಿರಿಮಗನ ಹೆಸರಿನಿಂದ. ಅವರ ಕಂಪ್ಯೂಟರ್‌ಗೂ ಅದೇ ಹೆಸರು. ಸಾಹೇಬರು ಅಬು ಲೈಥ್, ಅಂದರೆ ಲೈಥನ ಅಪ್ಪ. ಉಗ್ರಾಣದ ಫವ್ವಾಜನ ಹಿರಿಮಗನೂ ಲೈಥನೇ. ಸರ್ವರ್ ಕೊನೆಗೆ ಬಂದವನನ್ನೇ ನಂಬುತ್ತಿತ್ತು. ಫವ್ವಾಜ್ ಸಿಗರೇಟು ಸೇದಿ ಬಂದು ತನ್ನ ಯಂತ್ರವನ್ನು ಎಬ್ಬಿಸಿದಾಗಲೆಲ್ಲ ಸಾಹೇಬರ ಹೆಸರು ಉಗ್ರಾಣಕ್ಕೆ ಹೋಗುತ್ತಿತ್ತು.

ಬೆಳಿಗ್ಗೆಯೇ ಸಾಹೇಬರು ಕರೆಸಿ ಗುಡುಗಿದರು. "ನನಗೆ ಕಳಿಸಿದ್ದೆಲ್ಲಾ ಉಗ್ರಾಣಕ್ಕೆ ಹೋಗ್ತಿದೆಯಲ್ಲಯ್ಯಾ! ಮಧ್ಯಾಹ್ನ ವ್ಯಾಪಾರ ಮಾತಾಡೋಕೆ ಕುವೈತಿನವರು ಬರ್ತಾರೆ. ದೊಡ್ಡ ಪರದೆ ಮೇಲೆ ನನ್ನ ಕಂಪ್ಯೂಟರ್ ಬರಲಿಲ್ವೋ, ನೀನು ಬೇರೆ ಕೆಲಸ ನೋಡ್ಕೋ."

ನಜ್ಮಿ ಮದುವೆಯಾಗಬೇಕೆಂದಿದ್ದ ರುದೈನಾಳ ಅಪ್ಪ ಅಬು ಸಾರಿ ಇವತ್ತೇ ಸಾಹೇಬರಿಗೆ ಫೋನ್ ಮಾಡುವವರಿದ್ದರು. ಕೆಲಸ ಗಟ್ಟಿ ಅಂತ ಸಾಹೇಬರು ಹೇಳಿದರೆ ಮಾತ್ರ ಶುಕ್ರವಾರ ಹೆಣ್ಣು ಕೇಳಲು ಬರಬಹುದು ಅಂದಿದ್ದರು. ಈ ಕೆಲಸ ಹೋದರೆ ರುದೈನಾಳೂ ಹೋದ ಹಾಗೆಯೇ.

ನಜ್ಮಿ ಓಡಿಬಂದು ಫವ್ವಾಜನ ಯಂತ್ರದ ಹೆಸರನ್ನು ಅವನ ಎರಡನೆಯ ಮಗನ ಮೇಲೆ ಇಟ್ಟ: ಅಬು ಹಾನಿ. ಉಸ್ಸಪ್ಪಾ ಅಂತ ಕೂರುವಷ್ಟರಲ್ಲಿ ಫವ್ವಾಜ್ ಲೆಕ್ಕಪತ್ರ ವಿಭಾಗದ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಬಂದ. ನಜ್ಮಿ ಹೆದರಿ ಕಾಫಿ ಕೊಟ್ಟ. ಫವ್ವಾಜ್ ಬಟ್ಟಲನ್ನು ತುಟಿಗೆ ತಾಗಿಸದೆ ಮೇಜಿನ ಮೇಲಿಟ್ಟ. ಏನನ್ನಾದರೂ ಕೇಳಲು ಬಂದವರು ಅದನ್ನು ನಡೆಸಿಕೊಡುವ ತನಕ ಕಾಫಿ ಕುಡಿಯದಿರುವುದು ಅಲ್ಲಿನ ಪದ್ಧತಿ.

"ನನ್ನ ಚೊಚ್ಚಲ ಮಗ ಕಣ್ಣೆದುರಿಗೇ ಇದ್ದಾನೆ. ಅವನನ್ನ ಅಳಿಸಿಬಿಟ್ಯಲ್ಲೋ!"

"ಅಣ್ಣಾ, ಅಳಿಸಿದ್ದು ಮಗನನ್ನಲ್ಲ, ಬರೀ ಯಂತ್ರದ ಹೆಸರು..."

"ನಿನಗೇನು ಗೊತ್ತು? ನಿನಗೆ ಹೆಂಡತಿಯೂ ಇಲ್ಲ, ಮಗನೂ ಇಲ್ಲ," ಅಂದರು ಹಿರಿಯರಲ್ಲೊಬ್ಬರು. "ಕಾಫಿ ಆರ್ತಾ ಇದೆ, ನೋಡು."

ನಜ್ಮಿ ಬಟ್ಟಲುಗಳನ್ನು ನೋಡಿ ಕೇಳಿದ. "ಅಬು ಲೈಥ್ ಉಗ್ರಾಣ ಅಂತ ಇಡ್ಲಾ? ಮಗನೂ ಇರ್ತಾನೆ, ಸಾಹೇಬರ ತಂಟೆಗೂ ಹೋಗಲ್ಲ."

ಫವ್ವಾಜ್ ಕರಗಿ ತಬ್ಬಿಕೊಂಡ. ಆದರೂ ಬಟ್ಟಲಿಗೆ ಕೈ ಹಾಕಲಿಲ್ಲ. "ಇನ್ನೊಂದು ಮಾತು. ಇಷ್ಟು ಒಳ್ಳೆ ಹುಡುಗ, ನಿನ್ನ ಯಂತ್ರಕ್ಕೆ ಬರೀ ನಂಬರಾ? ನಿನಗೆ ಹುಟ್ಟೋ ಮಗನಿಗೂ ಲೈಥ್ ಅಂತಲೇ ಇಡಬೇಕು. ಇವತ್ತಿಂದ ನೀನೂ ಅಬು ಲೈಥ್!"

"ಬೇಡಣ್ಣಾ, ದಮ್ಮಯ್ಯ..."

ಮೂರೂ ಬಟ್ಟಲು ಹಾಗೇ ಇದ್ದವು. ನಜ್ಮಿ ಹೂಂ ಅಂದ. ಫವ್ವಾಜ್ ತಾನೇ ಕುಳಿತು ನಜ್ಮಿಯ ಕಂಪ್ಯೂಟರ್‌ಗೆ ಹೆಸರು ಬರೆದು, ಅದನ್ನು ಆರಿಸಿ ಮತ್ತೆ ಹಚ್ಚುವ ಗುಂಡಿ ಒತ್ತಿ, ಕಾಫಿ ಗಟಗಟ ಕುಡಿದ. ಇವರು ಹೋದಮೇಲೆ ಬದಲಿಸಿದರಾಯಿತು ಅಂದುಕೊಳ್ಳುವಾಗಲೇ ಕುವೈತಿನವರು ಬಂದರೆಂದು ಸಾಹೇಬರಿಂದ ಕರೆ ಬಂತು. ನಜ್ಮಿ ಓಡಿದ. ಹಿಂದೆ ಅವನ ಯಂತ್ರ ಕಣ್ಣುಬಿಟ್ಟು, ವಿಳಾಸ ಕೇಳಿ, ಕೊನೆಗೆ ಬಂದದ್ದು ತಾನೇ ಅಂತ ಹೆಸರು ಬರೆಸಿಕೊಂಡಿತು.

ಸಭೆಯಲ್ಲಿ ಸಾಹೇಬರು ಹೆಮ್ಮೆಯಿಂದ ಅಬು ಲೈಥ್ ಅಂತ ಒತ್ತಿದರು. ಪರದೆಯ ಮೇಲೆ ತೆರೆದುಕೊಂಡದ್ದು ನಜ್ಮಿಯ ಕಂಪ್ಯೂಟರ್: ಅದರ ಹಿನ್ನೆಲೆ ಚಿತ್ರದಲ್ಲಿ ಚಡ್ಡಿ ತೊಟ್ಟು ಅಕಬಾದ ಕಡಲಂಚಿನಲ್ಲಿ ಕಲ್ಲಂಗಡಿ ತಿನ್ನುತ್ತಿದ್ದ ನಜ್ಮಿ ಗೋಡೆಯಗಲಕ್ಕೆ ಕಾಣಿಸಿಕೊಂಡ.

ಕುವೈತಿನವರು ಕೆಮ್ಮಿದರು. ಸಾಹೇಬರ ಮುಖ ಕೆಂಡವಾಯಿತು. ನಜ್ಮಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಸಾಹೇಬರು ಬಾಯಿ ತೆರೆಯುವ ಮೊದಲೇ ನಜ್ಮಿಯ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಫವ್ವಾಜ್ ಮುಂದೆ ನುಗ್ಗಿದ. ಈಗಷ್ಟೇ ಕಾಫಿ ಕುಡಿದ ಋಣ ಅವನ ಮೇಲಿತ್ತು.

"ಸಾಹೇಬ್ರೇ, ಬಯ್ಬೇಡಿ! ಇವನಿಗೆ ಬೆಳಿಗ್ಗೆ ಗಂಡುಮಗು ಆಗಿದೆ. ನಿಮ್ಮ ಮೇಲಿನ ಗೌರವಕ್ಕೆ ಲೈಥ್ ಅಂತಲೇ ಹೆಸರಿಟ್ಟಿದ್ದಾನೆ. ಖುಷಿಗೆ ಯಂತ್ರದ ಮೇಲೂ ಬರ್ಕೊಂಡ."

ಸಭೆಯ ಬಣ್ಣವೇ ಬದಲಾಯಿತು. "ಸಾವಿರ ಶುಭವಾಗಲಿ!" ಅಂತ ಕುವೈತಿನವರು ಎದ್ದು ನಜ್ಮಿಯ ಕೆನ್ನೆಗೆ ಮುತ್ತಿಟ್ಟರು. ನೌಕರರ ಮನೆಯ ಸಂಗತಿ ಏನೂ ತಿಳಿಯದ ಸಾಹೇಬರು ಕಣ್ಣೊರೆಸಿಕೊಂಡು ಎಲ್ಲರಿಗೂ ಕುನಾಫಾ ಮಿಠಾಯಿ ತರಿಸಲು ಹೇಳಿದರು. ಕೆಲಸ ಉಳಿಯಿತು. ನಜ್ಮಿ ಬೆಳಿಗ್ಗೆಯಿಂದ ಮೊದಲ ಸಲ ಸರಿಯಾಗಿ ಉಸಿರಾಡಿದ.

ಅಷ್ಟರಲ್ಲಿ ಸಾಹೇಬರ ಫೋನ್ ರಿಂಗಾಯಿತು.

"ಓಹೋ, ಅಬು ಸಾರಿಯವರಾ? ನಜ್ಮಿಯ ಕೆಲಸಾನಾ? ಬಂಡೆಗಲ್ಲು ಸ್ವಾಮಿ, ಬಂಡೆಗಲ್ಲು! ಇವತ್ತು ಬೆಳಿಗ್ಗೆ ತಾನೇ ಗಂಡುಮಗುವಿನ ಅಪ್ಪ ಆದವನನ್ನ ನಾನು ಕೆಲಸದಿಂದ ತೆಗೀತೀನಾ?"

ನಜ್ಮಿಯ ಬಾಯಲ್ಲಿ ಕುನಾಫಾ ಹಾಗೇ ನಿಂತಿತು. ಸಾಹೇಬರು ಸ್ವಲ್ಪ ಹೊತ್ತು ಕೇಳಿಸಿಕೊಂಡು, ನಗುತ್ತಲೇ ಫೋನನ್ನು ಅವನತ್ತ ಚಾಚಿದರು.

"ತಗೋ ತಮ್ಮಾ, ನೀನೇ ಹೇಳು. ಮಗುವಿನ ತಾಯಿ ಯಾರು ಅಂತ ಕೇಳ್ತಿದ್ದಾರೆ."