ಭಾವನ ಮನೆಯ ಮತದಾರರು

ನನ್ನ ಭಾವನಷ್ಟು ಒಳ್ಳೆಯ ಮನುಷ್ಯ ಸಿಗುವುದು ಕಷ್ಟ. ಅಷ್ಟು ಒಳ್ಳೆಯವರ ಜೊತೆ ಸಂಸಾರ ಮಾಡುವುದು ಅದಕ್ಕಿಂತ ಕಷ್ಟ. ಇದು ನನ್ನ ಮಾತಲ್ಲ, ಅವರ ಹೆಂಡತಿಯಾದ ನನ್ನ ಅಕ್ಕನದು. ಹಾಗಂತ ಭಾವನಿಗೆ ಕುಡಿತ, ಇಸ್ಪೀಟು, ಸಿಡುಕು ಮುಂತಾದ ಸಾಮಾನ್ಯ ಗಂಡಂದಿರ ಯಾವ ಚಟವೂ ಇರಲಿಲ್ಲ. ಇದ್ದದ್ದು ಒಂದೇ ಚಟ: ಮನೆಯಲ್ಲಿ ಏನೇ ನಿರ್ಧಾರವಾಗಲಿ, ಮಕ್ಕಳನ್ನು ಕೇಳದೆ ಮಾಡಬಾರದು.

ಕೇಳುವುದೆಂದರೆ ನೀವು ನಾವು ಕೇಳುವ ಹಾಗಲ್ಲ. "ದೋಸೆ ಬೇಕೋ ಇಡ್ಲಿ ಬೇಕೋ ಕಂದಾ" ಎಂದು ಕೇಳಿ, ಕೊನೆಗೆ ನಿನ್ನೆಯ ಚಪಾತಿ ಬಡಿಸುವುದು ಅವರ ಪದ್ಧತಿಯಲ್ಲ. ಭಾನುವಾರ ಬೆಳಗಿನ ಚಹಾ ಆದ ಮೇಲೆ ಸಭೆ. ವಿಷಯ ಮಂಡನೆ, ಚರ್ಚೆ, ಮತದಾನ. ಭಾವನದೊಂದು ಮತ, ಅಕ್ಕನದೊಂದು, ಮಗಳು ಮುಕ್ತಾಳದೊಂದು, ಮಗ ಚಿನ್ನೂನದೊಂದು. ಸಮಸಮ ಬಂದರೆ ಮಕ್ಕಳು ಹೇಳಿದ್ದೇ ಸರಿ. ನಾನು ಆಗ ನಾಸಿಕ್ ಪಕ್ಕದ ಸಿನ್ನರಿನ ಕಾರ್ಖಾನೆಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ, ನಾಸಿಕ್‌ನಲ್ಲಿದ್ದ ಅವರ ಮನೆಯಲ್ಲೇ ಉಳಿದಿದ್ದೆ. ನನ್ನನ್ನು 'ಪಾಹುಣಾ' ಅಂದರೆ ಅತಿಥಿ ಎಂದು ಘೋಷಿಸಲಾಗಿತ್ತು. ಅತಿಥಿ ಮಾತಾಡಬಹುದು, ಕೈ ಎತ್ತುವಂತಿಲ್ಲ.

ಬ್ಯಾಂಕಿನವರು ಭಾವನನ್ನು ಧಾರವಾಡದಿಂದ ನಾಸಿಕ್‌ಗೆ ವರ್ಗ ಮಾಡಿದಾಗಲೇ ಈ ಪದ್ಧತಿ ಶುರುವಾದದ್ದು. ಬಾಡಿಗೆಗೆ ಮನೆ ಹುಡುಕುತ್ತಿದ್ದರು. ಎರಡು ಮನೆ ಆಯ್ಕೆಗೆ ಉಳಿದವು. ಒಂದಕ್ಕೆ ವಿಶಾಲವಾದ ಅಡುಗೆಮನೆ, ಹಗಲೆಲ್ಲ ನೀರು. ಇನ್ನೊಂದಕ್ಕೆ ಹೊರಗಿನಿಂದ ಮೇಲೆ ಹತ್ತುವ ಕಬ್ಬಿಣದ ಸುರುಳಿ ಮೆಟ್ಟಿಲು. ಮಕ್ಕಳು ಯಾವುದನ್ನು ಆರಿಸಿದರು ಎಂದು ಬೇರೆ ಹೇಳಬೇಕೆ? ಚಿನ್ನು ಆಗ ಮೂರು ವರ್ಷದವನು. ಕೈ ಎತ್ತು ಅಂದರೆ ಎರಡೂ ಕೈ ಎತ್ತಿದ. ಭಾವ ಒಂದನ್ನು ಇಳಿಸಿ ಅಕ್ರಮ ಮತದಾನವನ್ನು ತಡೆದರು. ಅಕ್ಕ, "ಅಡಗಿ ಮಾಡಾಕಿ ನಾನು, ಮನಿ ಆರಿಸೋದು ಈ ಬೆರಳು ಚೀಪೋನೇನ್ರಿ?" ಅಂದಳು.

"ಮನಿ ಅವನದೂ ಹೌದಲ್ಲ," ಅಂದರು ಭಾವ. "ಬಾಡಿಗಿ ಕೊಡಂಗಿಲ್ಲ ಅಂದ್ರ ಅವ ಅಲ್ಲಿ ವಾಸ ಮಾಡಂಗಿಲ್ಲೇನು?"

ಸಾಮಾನಿನ ಲಾರಿ ಬಂತು. ಹಾಸಿಗೆ ಹೋಯಿತು, ಪಾತ್ರೆ ಹೋದವು, ಮಕ್ಕಳು ಹನ್ನೆರಡು ಸಲ ಹತ್ತಿಳಿದರು. ಅಕ್ಕನ ತವರಿನ ಉಡುಗೊರೆಯಾದ ಗಾಡ್ರೇಜ್ ಬೀರು ಮಾತ್ರ ಮೊದಲನೆಯ ಸುತ್ತಿನಲ್ಲೇ ಸಿಕ್ಕಿಕೊಂಡಿತು. ಹಮಾಲರು ಅದನ್ನು ನಿಲ್ಲಿಸಿ ನೋಡಿದರು, ಮಲಗಿಸಿ ನೋಡಿದರು, ಕೊನೆಗೆ ಕೈಮುಗಿದರು. ಬೀರು ಕೆಳಗೆ ಮನೆಯೊಡತಿ ಅಜ್ಜಿಯ, ಅಲ್ಲಿನವರ ಬಾಯಲ್ಲಿ ಆಜಿಯ, ಪಡಸಾಲೆಯಲ್ಲೇ ಉಳಿಯಿತು. ಅಲ್ಲಿಂದ ಮುಂದೆ ಅಕ್ಕ ಒಂದು ಸೀರೆ ಉಡಬೇಕಾದರೂ ಸುರುಳಿ ಸುತ್ತಿ ಇಳಿಯಬೇಕು, ಆಜಿಯ ಬಾಗಿಲು ತಟ್ಟಬೇಕು. ವರ್ಷ ತುಂಬುವುದರೊಳಗೆ ಪರಿಸ್ಥಿತಿ ಎಲ್ಲಿಗೆ ಬಂತೆಂದರೆ, ಯಾರ ಮದುವೆಗೆ ಯಾವ ಸೀರೆ ಎಂಬುದನ್ನು ಆಜಿಯೇ ತೀರ್ಮಾನಿಸಿ, ಮೇಲಕ್ಕೆ ಕೂಗಿ ಹೇಳುತ್ತಿದ್ದಳು. ಆಕೆಗೆ ಯಾರೂ ಮತದ ಹಕ್ಕು ಕೊಟ್ಟಿರಲಿಲ್ಲ.

ಆಮೇಲೆ ಉಪ್ಪಿಟ್ಟನ್ನು ಬಹುಮತದಿಂದ ಗಡೀಪಾರು ಮಾಡಲಾಯಿತು. ಆ ದುಃಖವನ್ನು ನಾನು ವಿಸ್ತರಿಸುವುದಿಲ್ಲ. ನಾನು ಉಪ್ಪಿಟ್ಟಿನ ಭಕ್ತ, ಆದರೆ ಅತಿಥಿ.

ಈ ಪದ್ಧತಿಗೆ ಒಂದೇ ಒಂದು ತಿದ್ದುಪಡಿಯಾದದ್ದು ಡಾಕ್ಟರ ಕೋಣೆಯಲ್ಲಿ. ಚಿನ್ನೂಗೆ ಜ್ವರ. ಡಾಕ್ಟರು ಸೂಜಿ ತುಂಬಿಕೊಂಡು ನಿಂತರು. ಭಾವ ಮಗನ ಕಡೆ ತಿರುಗಿ, "ಚಿನ್ನು, ಡಾಕ್ಟರ್ ಕಾಕಾ ಅಂತಾರ..." ಎಂದು ವಿಷಯ ಮಂಡನೆ ಶುರುಮಾಡುವಷ್ಟರಲ್ಲಿ ಅಕ್ಕ ಒಂದು ಕೈಯಿಂದ ಮಗನ ಚಡ್ಡಿ ಜಾರಿಸಿ, ಇನ್ನೊಂದು ಕೈಯಿಂದ ಗಂಡನ ಬಾಯಿ ಮುಚ್ಚಿದಳು. ಹೊರಗೆ ಬಂದ ಮೇಲೆ, "ಹುಡುಗರನ್ನ ಕೇಳ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಸೂಜಿ, ಸಾಲಿ, ರಸ್ತೆ ದಾಟೋದು, ಈ ಮೂರಕ್ಕ ವೋಟಿಲ್ಲ. ಹೇಳೇನಿ," ಅಂದಳು. ಭಾವ ಸ್ವಲ್ಪ ಯೋಚಿಸಿ ಒಪ್ಪಿದರು. ಯೋಚಿಸಲು ಕಾರಣ, ಅವರ ಬಾಯಿ ಇನ್ನೂ ನೋಯುತ್ತಿತ್ತು.

ಇನ್ನು ಜವಳದ ಪ್ರಸಂಗ. ಚಿನ್ನೂನ ಹುಟ್ಟುಗೂದಲನ್ನು ತ್ರ್ಯಂಬಕೇಶ್ವರದಲ್ಲಿ ತೆಗೆಸುತ್ತೇನೆಂದು ಅಕ್ಕ ಹರಕೆ ಹೊತ್ತಿದ್ದಳು. ನಾಲ್ಕು ವರ್ಷ ತುಂಬಿದ ಮೇಲೆ ಮುಹೂರ್ತ ಕೂಡಿಬಂತು. ಸೀಟಿನ ಲೆಕ್ಕದಲ್ಲಿ ಜನ ತುಂಬುವ ಜೀಪೊಂದರಲ್ಲಿ, ನಮ್ಮ ತೊಡೆಗಳ ಮೇಲೆ ಯಾರದೋ ಹೂಕೋಸಿನ ಮೂಟೆ ಇಟ್ಟುಕೊಂಡು, ಎಲ್ಲರೂ ಹೋದೆವು. ಗುರುಜಿ ಮಂತ್ರ ಮುಗಿಸಿದರು. ನಾವಿಗ ಕತ್ತಿಗೆ ಸಾಣೆ ಹಿಡಿದ. ಆಗ ಭಾವ ಮಗನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಚಿನ್ನು, ಕೂದಲಾ ತೆಗಸಬೇಕಂತ ಮಾಡೀವಿ. ನಿನಗ ಒಪ್ಪಿಗಿ ಅದ ಏನು?" ಅಂದರು.

ಚಿನ್ನು ಕತ್ತಿಯನ್ನು ನೋಡಿದ. ನಾವಿಗನನ್ನು ನೋಡಿದ. "ನಕೋ," ಅಂದ.

"ಬ್ಯಾಡಂತ ನೋಡ್ರಿ," ಎಂದು ಭಾವ ಎದ್ದು ನಿಂತು ಅಂಗಿ ಕೊಡವಿಕೊಂಡರು. ಗುರುಜಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ, "ಸಾಹೇಬ, ಪೋರಾಲಾ ಕಾಯ್ ವಿಚಾರತಾ?" ಎಂದರು, ಹುಡುಗನನ್ನೇನು ಕೇಳುತ್ತೀರಿ ಎಂದು. ಭಾವ ತಮ್ಮ ಧಾರವಾಡದ ಮರಾಠಿಯಲ್ಲಿ ಉತ್ತರ ಕೊಟ್ಟರು: ತಲೆ ಅವನದು, ಗುರುಜಿ. ಸೂಜಿ, ಸಾಲಿ, ರಸ್ತೆ ಎಂಬ ಮೂರರಲ್ಲಿ ಕ್ಷೌರ ಸೇರಿಸಲು ಮರೆತ ಅಕ್ಕ ತನ್ನ ಹಣೆಯನ್ನು ತಾನೇ ಬಡಿದುಕೊಂಡಳು. ಕೂದಲಿನ ಸಮೇತ ಹುಡುಗ ನಾಸಿಕ್‌ಗೆ ಮರಳಿದ.

ಕೂದಲು ಬೆಳೆಯಿತು. ಹೆಗಲಿಗೆ ಬಂತು. ಮುಕ್ತಾ ದಿನಾ ಬೆಳಿಗ್ಗೆ ತಮ್ಮನಿಗೆ ಎರಡು ಜಡೆ ಹಾಕಿ ಕೆಂಪು ರಿಬ್ಬನ್ ಕಟ್ಟುತ್ತಿದ್ದಳು. ಬಾಲವಾಡಿಯ ವಾರ್ಷಿಕೋತ್ಸವಕ್ಕೆ ಹೊಸ ಟೀಚರು, ಮುಖ ಲಕ್ಷಣವಾಗಿದೆ, ಜಡೆ ಉದ್ದವಿದೆ ಎಂದು ಚಿನ್ನೂಗೆ ರಾಧೆಯ ಪಾತ್ರ ಕೊಟ್ಟರು. ಅವನೂ ಖುಷಿಯಿಂದಲೇ ಘಾಗ್ರಾ ತೊಟ್ಟು ರಂಗಕ್ಕೆ ಹೋದ. ಅಲ್ಲಿ ನೋಡಿದರೆ ಕೃಷ್ಣನ ಮುಂದೆ ಬೆಣ್ಣೆಯ ಗಡಿಗೆ ಇದೆ, ಅದರೊಳಗೆ ನಿಜವಾದ ಶ್ರೀಖಂಡವಿದೆ, ಕೃಷ್ಣ ಬೆರಳದ್ದಿ ನೆಕ್ಕುತ್ತಿದ್ದಾನೆ. ರಾಧೆಗೆ ಬರೀ ಕುಣಿತ. ರಾಧೆ ಹಾಡಿನ ನಡುವೆಯೇ ಹೋಗಿ ಕೃಷ್ಣನ ಕೈಯಿಂದ ಗಡಿಗೆ ಕಿತ್ತುಕೊಂಡಳು. ಕೃಷ್ಣ ಅಳುತ್ತ ಯಶೋದೆಯನ್ನು, ಅಂದರೆ ಮೂರನೆಯ ಸಾಲಿನಲ್ಲಿ ಕೂತಿದ್ದ ತನ್ನ ನಿಜವಾದ ತಾಯಿಯನ್ನು ಕೂಗಿದ. ಪರದೆ ಬಿತ್ತು.

ಮರುದಿನ ಬೆಳಿಗ್ಗೆ ಚಿನ್ನು ತಾನೇ ಸಭೆ ಕರೆದ. ವಿಷಯ: ಬೋಳು. ಸರ್ವಾನುಮತದಿಂದ ಪಾಸಾಯಿತು. ಮತ್ತೆ ತ್ರ್ಯಂಬಕ, ಮತ್ತೆ ಜೀಪು, ಅದೇ ಗುರುಜಿ. ಅವರು ಈ ಸಲ ಭಾವನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೇರ ಚಿನ್ನೂನ ಮುಂದೆ ಬಗ್ಗಿ, "ಕಾಯ್ ಸಾಹೇಬ, ಪರವಾನಗಿ ಆಹೇ ನಾ?" ಎಂದು ಕೇಳಿದರು. ಸಾಹೇಬರು ಪರವಾನಗಿ ಕೊಟ್ಟರು.

ಇಷ್ಟಾಗುವಾಗ ನಾನು ಪಕ್ಕದಲ್ಲಿ ನಿಂತು ನಗುತ್ತಿದ್ದೆ. ಬೇರೆಯವರ ಬೀರು, ಬೇರೆಯವರ ಕೂದಲು; ನಗಲು ನನಗೇನು ಕಷ್ಟ? ಒಂದೆರಡು ವರ್ಷ ಕಳೆದು ಮನೆಯಲ್ಲಿ ನನ್ನ ಮದುವೆಯ ಮಾತು ಬಂದಾಗ ನಗು ನಿಂತಿತು.

ಹುಡುಗಿ ಔರಂಗಾಬಾದಿನವಳು. ಈಗ ಛತ್ರಪತಿ ಸಂಭಾಜಿನಗರವಾಗಿರುವ ಊರು, ಆಗಿನ್ನೂ ಹಳೆಯ ಹೆಸರಿನಲ್ಲೇ ಇತ್ತು. ಹುಡುಗಿಯ ಹೆಸರು ಸುಮೇಧಾ. ತಂದೆ ಬಾಗಲಕೋಟೆಯ ಕಡೆಯವರು, ಕೇಂದ್ರ ಸರ್ಕಾರದ ನೌಕರಿಯಲ್ಲಿ ಊರೂರು ಸುತ್ತಿ ಅಲ್ಲಿ ನೆಲೆ ನಿಂತವರು. ಹುಡುಗಿ ನೋಡಲು ನಾನು, ಅಕ್ಕ, ಭಾವ ಹೋಗುವುದೆಂದು ನಾನು ತಿಳಿದಿದ್ದೆ. ಭಾವ ಐದು ಟಿಕೆಟ್ ತಂದರು.

"ಹುಡುಗರು ಯಾಕ್ರಿ?" ಅಂದೆ.

"ಮನೀಗೆ ಒಬ್ಬಾಕಿ ಹೊಸಬಳು ಬರಾಕಿ. ನಾಳೆ ಆಕಿ ಜೋಡಿ ಇರೋರು ಯಾರು? ನೀ ಅಂತೂ ಹಗಲೆಲ್ಲಾ ಸಿನ್ನರಿನ್ಯಾಗ ಇರ್ತಿ."

ಗಂಡನಿಗಿಂತ ಮನೆಯ ಮಕ್ಕಳೇ ಹೆಚ್ಚು ಹೊತ್ತು ಜೊತೆಗಿರುತ್ತಾರೆಂಬ ಈ ಲೆಕ್ಕವನ್ನು ಒಪ್ಪಿ, ಐದೂ ಟಿಕೆಟ್ಟುಗಳನ್ನು ಜೇಬಿಗಿಳಿಸಿದೆ.

ಅವರ ಮನೆಯಲ್ಲಿ ನಮ್ಮನ್ನು ಕೂರಿಸಿ, ಪದ್ಧತಿಯಂತೆ ತಟ್ಟೆಗಳನ್ನು ತಂದರು. ತಟ್ಟೆಯಲ್ಲಿ ಏನಿತ್ತು ಅಂತೀರಿ? ಉಪ್ಪಿಟ್ಟು. ಬಿಸಿ ಬಿಸಿ, ಮೇಲೆ ಕೊಬ್ಬರಿ, ಪಕ್ಕದಲ್ಲಿ ಲಿಂಬೆ. ನನಗೆ ಹುಡುಗಿಯನ್ನು ನೋಡುವ ಮೊದಲೇ ಸಂಬಂಧ ಒಪ್ಪಿಗೆಯಾಯಿತು. ಆದರೆ ಆರು ವರ್ಷದ ಚಿನ್ನು ತಟ್ಟೆಯನ್ನು ನೋಡಿ, ಸಭೆಗೆ ಕೇಳುವಂತೆ, "ಮಾಝಾ ವೋಟ್ ನಾಹಿ," ಅಂದ. ತನ್ನ ಮತವಿಲ್ಲವಂತೆ.

ಸುಮೇಧಾಳ ತಂದೆಗೆ ಮೊದಲು ತಿಳಿಯಲಿಲ್ಲ. ಭಾವ ತಮ್ಮ ಮನೆಯ ಪದ್ಧತಿಯನ್ನು ಸವಿಸ್ತಾರವಾಗಿ ತಿಳಿಸಿದರು. ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ ರೀತಿ ಈಗಲೂ ನೆನಪಿದೆ. ಇಡೀ ಮನೆತನಕ್ಕೆ ಹೀಗೋ, ಈ ಒಬ್ಬರಿಗೆ ಮಾತ್ರವೋ ಎಂದು ಅಳೆಯುವ ನೋಟ ಅದು. ನಾನು ಉಪ್ಪಿಟ್ಟಿನಲ್ಲಿ ಮುಖ ಮುಚ್ಚಿಕೊಂಡೆ.

ಅಷ್ಟರಲ್ಲಿ ಸುಮೇಧಾ ಚಹಾ ತಂದಳು. ಚಿನ್ನೂನ ತಟ್ಟೆ ಹಾಗೇ ಇರುವುದನ್ನು ಕಂಡು, ತಗ್ಗಿದ ದನಿಯಲ್ಲಿ, "ನನಗೂ ಸೇರಂಗಿಲ್ಲ. ಅವ್ವ ಮಾಡ್ಯಾಳ," ಅಂದಳು. ಒಳಗೆ ಹೋಗಿ ಒಂದು ಬೇಸನ್ ಉಂಡೆ ತಂದಿಟ್ಟಳು. ಚಿನ್ನೂನ ಮತ ಅಲ್ಲೇ ಪಕ್ಷಾಂತರವಾಯಿತು. ಎರಡೂ ಕೈ ಎತ್ತಿದ. ಈ ಸಲ ಭಾವ ಯಾವುದನ್ನೂ ಇಳಿಸಲಿಲ್ಲ. ಅಕ್ಕ ಹೂಂ ಅಂದಳು, ಭಾವ ಹೂಂ ಅಂದರು. ಉಳಿದವಳು ಹತ್ತು ವರ್ಷದ ಮುಕ್ತಾ.

ಮುಕ್ತಾ ಕೈ ಎತ್ತಲಿಲ್ಲ. "ಮತ್ತ ಈ ದೀದಿ ವೋಟ್?" ಅಂದಳು.

"ಆಕೀದೇನದವಾ," ಎಂದು ಸುಮೇಧಾಳ ತಂದೆ ನಕ್ಕರು. "ನಾವು ಹೂಂ ಅಂದ್ರ ಆಕೀನೂ ಹೂಂ ಅಂತಾಳ."

"ಕಾಕಾ, ತುಮ್ಹಾಲಾ ನಾಹಿ ವಿಚಾರಲಂ," ಅಂದಳು ಮುಕ್ತಾ. ನಿಮ್ಮನ್ನು ಕೇಳಲಿಲ್ಲ ಅಂತ. ದನಿಯಲ್ಲಿ ಉದ್ಧಟತನವೇನಿರಲಿಲ್ಲ, ಭಾನುವಾರದ ಸಭೆಯಲ್ಲಿ ಮಾತಾಡುವಂತೆಯೇ ಹೇಳಿದ್ದಳು. ಆದರೂ ಅಕ್ಕ ಮಗಳ ತೊಡೆ ಚಿವುಟಿದಳು. ಭಾವ ಮಾತ್ರ ಸುಮೇಧಾಳ ಕಡೆ ನೋಡುತ್ತ ಕಾಯುತ್ತಿದ್ದರು.

ಸುಮೇಧಾ ಚಹಾದ ತಟ್ಟೆಯನ್ನು ಕೆಳಗಿಟ್ಟಳು. "ನನ್ನ ಬಿ.ಎಡ್. ಮುಗೀಲಿ," ಅಂದಳು. "ಇನ್ನೊಂದು ವರ್ಷ. ಆಮ್ಯಾಲೆ ನನ್ನದೇನೂ ತಕರಾರಿಲ್ಲ." ನನ್ನ ಕಡೆ ನೋಡದೆಯೇ, "ಹುಡುಗ ನಡೀತಾರ," ಎಂದು ಸೇರಿಸಿದಳು.

ಅವಳ ತಂದೆ ಮಗಳ ಕಡೆ ತಿರುಗಿದರು. "ವರ್ಷ ಬೇಕಂತ ನನಗ್ಯಾಕ ಹೇಳಲಿಲ್ಲವಾ?" ಅಂದರು.

"ನೀವು ಕೇಳಲಿಲ್ಲಲ್ಲಪ್ಪಾ."

ವರ್ಷ ಕಾದೆವು. ಮದುವೆಯಾಯಿತು. ಇದನ್ನು ಬರೆಯುವಾಗ ಅವಳು ಒಳಗೆ ಯಾರದೋ ಉತ್ತರಪತ್ರಿಕೆ ತಿದ್ದುತ್ತಿದ್ದಾಳೆ. ಅಂದು ಆ ಕೋಣೆಯಲ್ಲಿ ಎಲ್ಲರನ್ನೂ ಕೇಳಲಾಯಿತು, ನನ್ನೊಬ್ಬನನ್ನು ಬಿಟ್ಟು. ಯಾರಿಗೂ ನೆನಪಾಗಲಿಲ್ಲ.

ಅಂದು ಹುಡುಗಿ ನೋಡಿ ಹಿಂದಿರುಗುವಾಗ ಮನ್ಮಾಡಿನಲ್ಲಿ ಗಾಡಿ ಬದಲಿಸಬೇಕಿತ್ತು. ನಾಸಿಕ್ ಕಡೆಯ ಗಾಡಿ ತಡ. ಸಂಜೆಯ ಬಿಸಿಲಲ್ಲಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ವಡಾಪಾವ್ ತಿನ್ನುತ್ತಿದ್ದೆವು. ದಾರಿಯುದ್ದಕ್ಕೂ ಅಕ್ಕ ಮಗಳನ್ನು ಬೈದು ಮುಗಿಸಿದ್ದಳು. ಮುಕ್ತಾ ವಡಾಪಾವ್ ಮುಗಿಸಿ, "ಪಪ್ಪಾ, ನೀವು ಸಣ್ಣವರಿದ್ದಾಗ ನಿಮಗ ವೋಟ್ ಇತ್ತಾ?" ಎಂದು ಕೇಳಿದಳು.

"ಇರಲಿಲ್ಲವಾ," ಅಂದರು ಭಾವ.

ಭಾವ ಚಿಕ್ಕಪ್ಪನ ಮನೆಗೆ ದತ್ತು ಹೋದವರೆಂಬುದು ನಮಗೆಲ್ಲ ಗೊತ್ತಿತ್ತು. ಅಕ್ಕನ ಮದುವೆಯ ಮಾತುಕತೆಯಲ್ಲೇ ಹೇಳಿದ್ದರು. ಆದರೆ ಅವರ ಬಾಯಿಂದ ಆ ಕಥೆ ಕೇಳಿದ್ದು ಅದೇ ಮೊದಲು.

"ನಾನು ಈ ಚಿನ್ನೂನಷ್ಟ ಇದ್ದೆ. ಒಂದಿನ ಮುಂಜಾನೆ ಹೊಸಾ ಅಂಗಿ ಹಾಕಿದ್ರು. ಪೇಡೆ ಕೊಟ್ರು. ಎಲ್ಲಾರೂ ನನ್ನ ಕಡೆ ನೋಡಿ ನಗ್ತಿದ್ರು. ಎಲ್ಲೋ ಲಗ್ನಕ್ಕ ಹೊಂಟೀವಿ ಅನ್ಕೊಂಡೆ. ಗದಗಕ್ಕ ನಮ್ಮ ಕಾಕಾನ ಮನೀಗೆ ಹೋದ್ವಿ. ಊಟಾ ಆತು. ಕೈ ತೊಳಕೊಂಡು ಬಂದು ನೋಡ್ತೀನಿ, ಅಪ್ಪಾ ಅವ್ವಾ ಇಲ್ಲ. ನನ್ನ ಚೀಲ ಅಷ್ಟ ಅದ."

"ಆ ಕಾಕಾ ಬಡೀತಿದ್ರಾ?" ಅಂದಳು ಮುಕ್ತಾ.

"ಛೇ, ಇಲ್ಲ. ಅಂಗೈಮ್ಯಾಲೆ ಇಟಗೊಂಡು ಬೆಳಸಿದ್ರು."

"ನಿಮಗ ಕೇಳಿದ್ರ ಏನಂತಿದ್ರಿ?"

ಭಾವ ಹಳಿಯ ಕಡೆ ನೋಡುತ್ತ ಯೋಚಿಸಿದರು. "ಹೂಂ ಅಂತಿದ್ದೆ ಅನಸ್ತದ. ಕಾಕಾನ ಮನ್ಯಾಗ ಸೈಕಲ್ ಇತ್ತು."

ನಾವೆಲ್ಲ ನಕ್ಕೆವು. ಅವರೂ ನಕ್ಕರು. ನಗು ಮುಗಿದ ಮೇಲೆ, "ಆದ್ರ ಕೇಳಬೇಕಾಗಿತ್ತು," ಅಂದರು, ಯಾರಿಗೂ ಅಲ್ಲ ಎಂಬಂತೆ.

ಚೀಲದ ಮೇಲೆ ಕೂತು ವಡೆ ತಿನ್ನುತ್ತಿದ್ದ ಚಿನ್ನು ಇಳಿದು ಬಂದ. ಕೈಯ ಎಣ್ಣೆಯನ್ನು ಚಡ್ಡಿಗೆ ಒರೆಸಿಕೊಂಡು ಅಪ್ಪನ ಎದುರಿಗೆ ನಿಂತ.

"ಪಪ್ಪಾ, ನೀ ನಮ್ಮ ಮನೀಗೆ ಬರ್ತೀ ಏನು?"

"ಎಲ್ಲಿಗೋ?"

"ನಾಸಿಕ್‌ಲಾ. ಆಮ್ಚ್ಯಾ ಘರೀ. ಕಾಯಮ್."

ಯಾವ ವಿಷಯಕ್ಕೂ ಪೀಠಿಕೆಯಿಲ್ಲದೆ ಮಾತಾಡದ ಮನುಷ್ಯ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿದರು. ಮತ್ತೆ ಒರೆಸಿದರು. ಹಾಕಿಕೊಳ್ಳಲಿಲ್ಲ. ದೂರದಲ್ಲಿ ನಮ್ಮ ಗಾಡಿಯ ಸಿಳ್ಳು ಕೇಳಿತು. ಜನ ಗಂಟುಮೂಟೆ ಎತ್ತತೊಡಗಿದರು. ಹುಡುಗ ಉತ್ತರಕ್ಕಾಗಿ ನಿಂತೇ ಇದ್ದ.

"ಹೂಂ ಅನ್ರಿ," ಅಂದಳು ಅಕ್ಕ, ಮೆಲ್ಲಗೆ. "ಹುಡುಗ ಕೇಳ್ಲಿಕ್ಕತ್ತಾನ."

"ಹೂಂ," ಅಂದರು ಭಾವ.

ಚಿನ್ನು ಅವರ ಬೆರಳು ಹಿಡಿದು ಎಬ್ಬಿಸಿದ. ಜನರ ನಡುವೆ ದಾರಿ ಮಾಡಿಕೊಂಡು, ಗಾಡಿ ಬರುವ ಕಡೆಗೆ ಅವರನ್ನು ಕರೆದುಕೊಂಡು ಹೊರಟ.